ಎಲೆಯೇ ಇಲ್ಲದ ಕೊಂಬೆಯಲ್ಲಿ ದಪ್ಪ ಕಾಯಿ, ಕಾಯಿಯಿಂದ ಹೊರಟ ಎಲೆ: ನಮ್ಮ ಅಂಜೂರಕ್ಕೆ ಏನಾಗಿದೆ?

ತಾರಸಿತೋಟ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿಯಲ್ಲಿ ಅರ್ಧ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ಒಂದು ಅಂಜೂರದ ಗಿಡ ಇದೆ. ನರ್ಸರಿಯಲ್ಲಿ ಬ್ರೌನ್ ಟರ್ಕಿ ಅಂತ ಹೇಳಿ ಕೊಟ್ಟಿದ್ದರು. ಹೋದ ವರ್ಷ ಮಳೆ ಮುಗಿದ ಮೇಲೆ ಹಣ್ಣು ಬಿಟ್ಟಿತ್ತು. ಗುಂಡಗಿದ್ದವು, ಕಂದು ಬಣ್ಣ, ರುಚಿಯೂ ಚೆನ್ನಾಗಿತ್ತು. ಡಿಸೆಂಬರಿನಲ್ಲಿ ಎಲೆಯೆಲ್ಲ ಉದುರಿ ಬರೀ ಕಡ್ಡಿ ನಿಂತಿತ್ತು.

ಈಗ ಮಾರ್ಚ್. ಗಿಡ ಚಿಗುರುತ್ತಿದೆ. ಆದರೆ ಕಾಯಿ ಬಂದಿರುವ ರೀತಿ ನೋಡಿದರೆ ಭಯವಾಗುತ್ತದೆ. ಹೋದ ವರ್ಷದ ಬೂದು ಕೊಂಬೆ ಮೇಲೆ, ಎಲೆಯೇ ಇಲ್ಲದ ಜಾಗದಲ್ಲಿ, ನಾಲ್ಕೈದು ದಪ್ಪ ಕಾಯಿಗಳು ಬಂದಿವೆ. ಕುತ್ತಿಗೆ ಉದ್ದ, ಬಣ್ಣ ತಿಳಿ ಹಸಿರು, ಹೋದ ವರ್ಷದ ಹಣ್ಣಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗಿವೆ. ತುದಿಯ ಹೊಸ ಚಿಗುರಿನಲ್ಲಿ ಎಲೆಗೊಂದರಂತೆ ಸಣ್ಣ ಸಣ್ಣ ಕಾಯಿ. ಕೆಲವು ಕಡೆ ಒಂದೇ ಗಿಣ್ಣಿನಲ್ಲಿ ಎರಡೆರಡು. ಇನ್ನೊಂದು ವಿಚಿತ್ರ ಏನೆಂದರೆ, ದಪ್ಪ ಕಾಯಿಗಳಲ್ಲಿ ಒಂದರ ಪಕ್ಕೆಯಿಂದ ಉಗುರಿನಷ್ಟು ಎಲೆ ಹೊರಗೆ ಬಂದಿದೆ!

ಒಂದು ಕಾಯಿ ಕೊಯ್ದು ನೋಡಿದೆ. ಒಳಗೆ ಬೆಳ್ಳಗೆ, ಒಣ ಒಣ, ನಡುವೆ ಟೊಳ್ಳು. ಪಕ್ಕದ ಮನೆಯವರು "ಇದು ವೈರಸ್, ಕೊಂಬೆ ಕಡಿದು ಔಷಧಿ ಹೊಡೀರಿ" ಅಂದರು. ಕತ್ತರಿ ಹಾಕುವ ಮೊದಲು ಬಲ್ಲವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ.


ಸಸ್ಯಪಾಠ (ಧಾರವಾಡ)

ದಯವಿಟ್ಟು ಕತ್ತರಿ ಕೆಳಗಿಡಿ. ನೀವು ಹೇಳಿದ್ದರಲ್ಲಿ ರೋಗ ಅನ್ನುವಂಥದ್ದು ಒಂದೂ ಇಲ್ಲ.

ಅಂಜೂರದ ಗಿಡ ಎರಡು ಜಾಗದಲ್ಲಿ ಕಾಯಿ ಬಿಡುತ್ತದೆ. ಒಂದು, ಹೋದ ವರ್ಷ ಬೆಳೆದ ಕೊಂಬೆ ಮೇಲೆ. ಆ ಕೊಂಬೆಯ ಗಿಣ್ಣುಗಳಲ್ಲಿ ಮೊಗ್ಗು ಸುಪ್ತವಾಗಿ ಉಳಿದಿರುತ್ತದೆ. ಗಿಡ ವಿಶ್ರಾಂತಿ ಮುಗಿಸಿ ಎದ್ದಾಗ ಎಲೆಗಿಂತ ಮೊದಲೇ, ಇಲ್ಲವೇ ಎಲೆಯ ಜೊತೆಜೊತೆಗೇ ಕಾಯಿ ಆಗುತ್ತದೆ. ಹೊರದೇಶಗಳಲ್ಲಿ ಇದನ್ನು 'ಬ್ರೀಬಾ' ಬೆಳೆ ಅನ್ನುತ್ತಾರೆ. ಇನ್ನೊಂದು, ಈ ವರ್ಷದ ಹೊಸ ಚಿಗುರಿನಲ್ಲಿ ಎಲೆಯ ಕಂಕುಳಲ್ಲಿ ಬರುವ ಕಾಯಿ. ಅದು ಮುಖ್ಯ ಬೆಳೆ. ಬ್ರೌನ್ ಟರ್ಕಿ ಈ ಎರಡನ್ನೂ ಕೊಡುವ ತಳಿ. ಬ್ರೀಬಾ ಕಾಯಿ ಸಾಮಾನ್ಯವಾಗಿ ದಪ್ಪ, ಕುತ್ತಿಗೆ ಉದ್ದ, ಬಣ್ಣ ಸ್ವಲ್ಪ ತಿಳಿ. ಮುಖ್ಯ ಬೆಳೆ ಗುಂಡಗೆ, ಸಣ್ಣ. ಒಂದೇ ಗಿಡದಲ್ಲಿ ಎರಡು ಆಕಾರ ಕಂಡರೆ ಎರಡು ಜಾತಿ ಸೇರಿಕೊಂಡಿವೆ ಅಂತ ಅರ್ಥವಲ್ಲ.

ಒಂದು ಗಿಣ್ಣಿನಲ್ಲಿ ಎರಡು ಕಾಯಿ ಕೂಡ ಸಹಜವೇ. ಪ್ರತಿ ಎಲೆಯ ಬುಡದಲ್ಲಿ ನಡುವೆ ಒಂದು ಚಿಗುರಿನ ಮೊಗ್ಗು, ಅದರ ಅಕ್ಕಪಕ್ಕ ಕಾಯಿಯ ಮೊಗ್ಗು ಇರುತ್ತದೆ. ಹೆಚ್ಚಿನ ಸಲ ಒಂದು ಕಡೆಯದು ಮಾತ್ರ ಬೆಳೆಯುತ್ತದೆ. ಗಿಡ ಗಟ್ಟಿಯಾಗಿದ್ದರೆ ಎರಡೂ ಬೆಳೆಯುತ್ತವೆ.

ಈಗ ಆ ಎಲೆಯ ವಿಷಯ. ನನಗೆ ಇದು ತುಂಬಾ ಇಷ್ಟವಾದ ಸಂಗತಿ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ನಾವು ಅಂಜೂರದ ಹಣ್ಣು ಅಂತ ತಿನ್ನುವುದು ಅಸಲಿಗೆ ಒಂದು ಪುಟ್ಟ ರೆಂಬೆ. ಹೂವು ಬಿಡಬೇಕಾದ ರೆಂಬೆಯ ತುದಿ ಉಬ್ಬಿ, ಒಳಮುಖವಾಗಿ ಮಡಚಿಕೊಂಡು, ನೂರಾರು ಹೂಗಳನ್ನು ಒಳಗಿಟ್ಟು ಬಾಯಿ ಬಿಗಿದ ಸಂಚಿಯ ಹಾಗಾಗಿದೆ. ಅಂಜೂರ ಹೂ ಬಿಡುವುದನ್ನು ಯಾರೂ ನೋಡಿಲ್ಲ ಅನ್ನುತ್ತಾರಲ್ಲ, ಹೂವೆಲ್ಲ ಒಳಗೇ ಇರುವುದರಿಂದ. ಕಾಯಿಯ ತಳದಲ್ಲಿ ಒಂದು ಸಣ್ಣ ತೂತು ಇದೆ, ಅದನ್ನು ಕಣ್ಣು ಅನ್ನುತ್ತೇವೆ. ಭೂತಗನ್ನಡಿ ಹಿಡಿದು ನೋಡಿ. ಆ ಕಣ್ಣಿನ ಸುತ್ತ ಒಂದರ ಮೇಲೊಂದು ಒತ್ತಾಗಿ ಕೂತ ಪುಟ್ಟ ಹೊರಪೆಗಳು ಕಾಣುತ್ತವೆ. ಅವೆಲ್ಲ ಕುಗ್ಗಿದ ಎಲೆಗಳೇ. ತೊಟ್ಟಿನ ಹತ್ತಿರವೂ ಅಂಥವು ಎರಡು ಮೂರು ಇರುತ್ತವೆ. ಅಪರೂಪಕ್ಕೆ ಅವುಗಳಲ್ಲಿ ಒಂದು ತಪ್ಪಿ ಕಾಯಿಯ ಪಕ್ಕೆಯಲ್ಲಿ ಕೂತು, ತಾನು ಎಲೆ ಅನ್ನುವುದನ್ನು ನೆನಪಿಸಿಕೊಂಡು ಹಸಿರಾಗಿ ಬೆಳೆದುಬಿಡುತ್ತದೆ. ಎರಡು ಕಾಯಿ ಬೆನ್ನಿಗೆ ಬೆನ್ನು ಅಂಟಿಕೊಂಡು ಬರುವುದು, ಒಂದು ಕಾಯಿಯ ಕಣ್ಣಿನಿಂದ ಇನ್ನೊಂದು ಪುಟ್ಟ ಕಾಯಿ ಇಣುಕುವುದು, ಇವೂ ಇದೇ ಬಗೆಯವು. ಗಿಡಕ್ಕೆ ಏನೂ ತೊಂದರೆ ಇಲ್ಲ. ಹಣ್ಣಾದರೆ ತಿನ್ನಬಹುದು.

ಒಳಗೆ ಬೆಳ್ಳಗೆ, ಒಣಗಿದಂತೆ ಇದ್ದದ್ದು ಕಾಯಿ ಇನ್ನೂ ಎಳೆಯದು ಅಂತ, ಅಷ್ಟೇ.


ಎರೆಭೂಮಿ (ಬಳ್ಳಾರಿ)

ಸರ್ ಹೇಳಿದ್ದು ಸರಿ ಇದೆ. ತೋಟ ಮಾಡುವವರ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ.

ನಮ್ಮಲ್ಲಿ ಈ ಹಳೇ ಕೊಂಬೆಯ ಕಾಯಿ ಹೆಚ್ಚು ಕಾಣುವುದೇ ಇಲ್ಲ. ಕಾರಣ ಚಾಟ್ನಿ. ವರ್ಷಕ್ಕೊಮ್ಮೆ ಕೊಂಬೆ ಸವರಿಬಿಡುತ್ತೇವೆ. ಸವರಿದ ಮೇಲೆ ಬರುವ ಹೊಸ ಚಿಗುರಿನಲ್ಲೇ ಪೂರ್ತಿ ಬೆಳೆ. ಮನೆಯಲ್ಲಿ ಒಂದೆರಡು ಗಿಡ ಇಟ್ಟುಕೊಂಡವರು ಕೊಂಬೆಗೆ ಕೈ ಹಚ್ಚುವುದಿಲ್ಲ, ಅದಕ್ಕೆ ಅಲ್ಲಿ ಹಳೇ ಕೊಂಬೆಯಲ್ಲಿ ಕಾಯಿ ಕೂಡುತ್ತದೆ. ತೋಟದಲ್ಲಿ ಕಾಣದ್ದು ಮನೆಯಲ್ಲಿ ಕಂಡಾಗ ಜನ ರೋಗ ಅಂದುಕೊಳ್ಳುತ್ತಾರೆ.

ಮಹಾರಾಷ್ಟ್ರದ ಪುರಂದರ ತಾಲೂಕಿನ ರೈತರನ್ನು ಕೇಳಿ. ಅಲ್ಲಿನ ಅಂಜೂರಕ್ಕೆ 2016ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕಿದೆ. ಅವರು ಎರಡು ಬಹಾರ್, ಅಂದರೆ ಎರಡು ಬೆಳೆಯ ಹಂಗಾಮು, ಲೆಕ್ಕ ಹಾಕುತ್ತಾರೆ. ಖಟ್ಟಾ ಬಹಾರ್ ಹಣ್ಣು ಮಳೆಗಾಲದಲ್ಲಿ ಬರುತ್ತದೆ, ನೀರು ನೀರು, ಸಪ್ಪೆ. ಮೀಠಾ ಬಹಾರ್ ಬೇಸಿಗೆಯದ್ದು, ಸಿಹಿ. ಅದೇ ಗಿಡ, ಅದೇ ಮಣ್ಣು. ಕಾಲ ಬದಲಾದರೆ ಗಾತ್ರ, ಬಣ್ಣ, ರುಚಿ ಎಲ್ಲ ಬದಲಾಗುತ್ತದೆ. ಹಾಗಾಗಿ ಹೋದ ಸಲದ ಹಣ್ಣಿನ ಹಾಗೆ ಈ ಸಲ ಇಲ್ಲ ಅಂತ ಗಾಬರಿ ಬೀಳಬೇಡಿ ಅಕ್ಕಾ.

ಮೊದಲು ನೋಡಬೇಕಾದ್ದು ಕಾಯಿ ಎಲ್ಲಿ ಕೂತಿದೆ ಅನ್ನುವುದನ್ನು. ಬೂದು ಕೊಂಬೆಯೋ, ಹಸಿರು ಚಿಗುರೋ, ಬುಡವೋ? ಅದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ.


ತಾರಸಿತೋಟ (ಬೆಂಗಳೂರು)

ಅಬ್ಬಾ, ಮನಸ್ಸು ಹಗುರಾಯಿತು. ಇಬ್ಬರಿಗೂ ಧನ್ಯವಾದ. ಭೂತಗನ್ನಡಿಯಲ್ಲಿ ಈಗಷ್ಟೇ ನೋಡಿದೆ, ಕಣ್ಣಿನ ಸುತ್ತ ನಸುಗೆಂಪು ಹೊರಪೆಗಳು ಸಾಲಾಗಿ ಕಾಣುತ್ತವೆ. ಪಕ್ಕೆಯ ಎಲೆಗೆ ನರ ಕೂಡ ಇದೆ!

ಇನ್ನೊಂದು ಪ್ರಶ್ನೆ. ಹೋದ ವರ್ಷವೂ ಹೊಸ ಚಿಗುರಿನ ಕಾಯಿಗಳು ಬೇಗ ಬೇಗ ಒಂದು ಗಾತ್ರಕ್ಕೆ ಬಂದು ಅಲ್ಲೇ ನಿಂತುಬಿಟ್ಟಿದ್ದವು. ವಾರಗಟ್ಟಲೆ ಒಂದಿಷ್ಟೂ ಬದಲಾವಣೆ ಇರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಒಂದೊಂದೇ ಹಣ್ಣಾದವು. ಗೊಬ್ಬರ ಕಡಿಮೆಯಾಗಿತ್ತಾ?


ಸಸ್ಯಪಾಠ (ಧಾರವಾಡ)

ಗೊಬ್ಬರದ ತಪ್ಪಲ್ಲ. ಅಂಜೂರ ಬೆಳೆಯುವುದೇ ಮೂರು ಹಂತದಲ್ಲಿ. ಮೊದಲ ಹಂತದಲ್ಲಿ ಕಾಯಿ ಚುರುಕಾಗಿ ದಪ್ಪವಾಗುತ್ತದೆ. ಎರಡನೆಯದರಲ್ಲಿ ಹೊರಗೆ ಏನೂ ಆಗದೆ ನಿಂತುಬಿಡುತ್ತದೆ, ಇದೇ ಎಲ್ಲಕ್ಕಿಂತ ಉದ್ದದ ಹಂತ. ಮೂರನೆಯದು ಕೆಲವೇ ದಿನಗಳ ಆಟ. ಕಾಯಿ ಮೆತ್ತಗಾಗಿ, ತೊಟ್ಟು ಬಾಗಿ, ಬಣ್ಣ ತಿರುಗಿ, ಗಾತ್ರ ಒಮ್ಮೆಲೇ ಏರುತ್ತದೆ. ಹಣ್ಣಿನ ಸಕ್ಕರೆಯ ಬಹುಪಾಲು ಸೇರುವುದು ಈ ಕೊನೆಯ ದಿನಗಳಲ್ಲೇ. ಬಣ್ಣ ಬಂತು ಅಂತ ಅವಸರದಿಂದ ಕಿತ್ತರೆ ಸಪ್ಪೆ ಹಣ್ಣು ಸಿಗುವುದು ಇದಕ್ಕೇ. ಕಿತ್ತ ಮೇಲೆ ಅಂಜೂರ ಮೆತ್ತಗಾಗಬಹುದು, ಸಿಹಿ ಮಾತ್ರ ಏರುವುದಿಲ್ಲ. ಮಾವಿನ ಹಾಗೆ ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವುದು ಇಲ್ಲಿ ನಡೆಯುವುದಿಲ್ಲ.

ಸರಿಯಾಗಿ ಹಣ್ಣಾದದ್ದನ್ನು ಗುರುತಿಸುವುದು ಸುಲಭ. ಮೇಲ್ಮುಖವಾಗಿದ್ದ ಕಾಯಿ ಜೋತು ಬೀಳುತ್ತದೆ. ಕುತ್ತಿಗೆ ಒತ್ತಿದರೆ ಬಗ್ಗುತ್ತದೆ. ಸಿಪ್ಪೆ ಮೇಲೆ ಉದ್ದುದ್ದ ಸಣ್ಣ ಬಿರುಕು ಕಾಣುತ್ತದೆ. ಕೆಲವು ತಳಿಯಲ್ಲಿ ಕಣ್ಣಿನಲ್ಲಿ ಜೇನಿನಂಥ ಒಂದು ಹನಿ ನಿಲ್ಲುತ್ತದೆ. ಕಿತ್ತಾಗ ತೊಟ್ಟಿನಿಂದ ಬಿಳಿ ಹಾಲು ಸುರಿದರೆ ಇನ್ನೂ ಆಗಿಲ್ಲ ಅಂತ ಲೆಕ್ಕ.

ಚಳಿಗೆ ಈ ಎರಡನೆಯ ಹಂತ ಇನ್ನೂ ಉದ್ದವಾಗುತ್ತದೆ. ಬೆಂಗಳೂರಿನ ಡಿಸೆಂಬರ್, ಜನವರಿಯಲ್ಲಿ ಕಾಯಿ ಕದಲದೆ ನಿಂತರೆ ಆಶ್ಚರ್ಯವಿಲ್ಲ.


ಎರೆಭೂಮಿ (ಬಳ್ಳಾರಿ)

ಬಿಸಿಲು ಜಾಸ್ತಿಯಾದರೆ ಅದರ ಉಲ್ಟಾ. ನಮ್ಮ ಕಡೆ ಏಪ್ರಿಲ್ ಕೊನೆಗೆ 40 ಡಿಗ್ರಿ ದಾಟುತ್ತದೆ. ಆಗ ಕಾಯಿ ಪೂರ್ತಿ ಬೆಳೆಯುವ ಮೊದಲೇ ಬಣ್ಣ ತಿರುಗುತ್ತದೆ. ನೀರು ಕೊಟ್ಟರೂ ಹಾಗೇ. ಸಣ್ಣ ಹಣ್ಣು, ಒಳಗೆ ತಿರುಳು ಕಮ್ಮಿ. ತಾರಸಿ ಮೇಲೆ ಡ್ರಮ್ಮು ಕಾದು ಬೇರು ಬೇಯುವುದರಿಂದ ಬೆಂಗಳೂರಿನಲ್ಲೂ ಹೀಗಾಗಬಹುದು. ಡ್ರಮ್ಮಿನ ಸುತ್ತ ಗೋಣಿಚೀಲ ಸುತ್ತಿ. ಮಣ್ಣಿನ ಮೇಲೆ ಒಣ ಎಲೆ, ತೆಂಗಿನ ನಾರು ಏನಾದರೂ ಹಾಸಿ.


ಒಣಹಣ್ಣು (ಹುಬ್ಬಳ್ಳಿ)

ನಾನೂ ಇಲ್ಲೇ ಕೇಳಿಬಿಡುತ್ತೇನೆ. ನಮ್ಮ ಗಿಡ ಬೀಜದಿಂದ ಬಂದದ್ದು. ಅಂಗಡಿಯ ಒಣ ಅಂಜೂರ ನೆನೆಸಿ ಬೀಜ ತೆಗೆದು ಹಾಕಿದ್ದೆ. ಈಗ ತಲೆ ಮೀರಿ ಬೆಳೆದಿದೆ. ಕಾಯಿ ರಾಶಿ ಬಿಡುತ್ತದೆ. ಆದರೆ ಒಂದೂ ಹಣ್ಣಾಗಲ್ಲ. ಸಣ್ಣದಿರುವಾಗಲೇ ಹಳದಿಯಾಗಿ, ಸುಕ್ಕಾಗಿ ಉದುರುತ್ತವೆ. ನೀರು, ಗೊಬ್ಬರ ಎಲ್ಲ ಬದಲಾಯಿಸಿ ನೋಡಿದ್ದಾಯಿತು.


ಸಸ್ಯಪಾಠ (ಧಾರವಾಡ)

ಒಣಹಣ್ಣು ಅವರೇ, ಬೇಸರದ ಉತ್ತರವೇ ಕೊಡಬೇಕಾಗಿದೆ.

ಅಂಗಡಿಯಲ್ಲಿ ಸಿಗುವ ಒಣ ಅಂಜೂರ ಹೆಚ್ಚಾಗಿ ಅಫ್ಘಾನಿಸ್ತಾನ, ಇರಾನ್, ಟರ್ಕಿ ಕಡೆಯದು. ಅಲ್ಲಿ ಬೆಳೆಯುವ ಸ್ಮಿರ್ನಾ ಬಗೆಯ ಅಂಜೂರಕ್ಕೆ ಪರಾಗಸ್ಪರ್ಶ ಆಗಲೇಬೇಕು. ಅದನ್ನು ಮಾಡುವುದು ಒಂದು ಪುಟ್ಟ ಕಣಜ, ಬ್ಲಾಸ್ಟೊಫೇಗಾ ಸೀನಸ್ ಅಂತ ಹೆಸರು. ಅದು ಕಾಡು ಗಂಡು ಅಂಜೂರದಲ್ಲಿ ಹುಟ್ಟಿ, ಪರಾಗ ಮೆತ್ತಿಕೊಂಡು, ಕಣ್ಣಿನ ಮೂಲಕ ಹೆಣ್ಣು ಕಾಯಿಯ ಒಳಗೆ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಕಿತ್ತುಹೋಗುತ್ತದೆ. ಅದು ಒಳಗೆ ಹೋಗದಿದ್ದರೆ ಕಾಯಿ ಉದುರುತ್ತದೆ. ನಮ್ಮ ಕಡೆ ಆ ಕಣಜ ಇಲ್ಲ.

ನಮ್ಮ ಪೂನಾ, ಬಳ್ಳಾರಿ, ಡಯಾನಾ, ಬ್ರೌನ್ ಟರ್ಕಿ ಇವೆಲ್ಲ ಕಣಜದ ಹಂಗಿಲ್ಲದೆ ಹಣ್ಣಾಗುವ ತಳಿಗಳು. ಇವುಗಳ ಒಳಗಿನ ಕಾಳು ಹಲ್ಲಿಗೆ ಸಿಕ್ಕರೂ ಟೊಳ್ಳು, ಬಿತ್ತಿದರೆ ಮೊಳೆಯುವುದಿಲ್ಲ. ನಿಮ್ಮ ಬೀಜ ಮೊಳೆಯಿತು ಅಂದರೆ ಅದು ಪರಾಗಸ್ಪರ್ಶ ಆದ ಹಣ್ಣಿನದು. ಅಂಥ ಬೀಜದ ಸಸಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡು. ಅವುಗಳ ಕಾಯಿ ಒಣಕಲು, ತಿನ್ನಲು ಬರುವುದಿಲ್ಲ. ಉಳಿದರ್ಧ ಹೆಣ್ಣು, ಅವುಗಳಲ್ಲಿ ಬಹಳಷ್ಟು ಕಣಜಕ್ಕಾಗಿ ಕಾಯುವಂಥವು. ಎಷ್ಟು ಗೊಬ್ಬರ ಹಾಕಿದರೂ ಈ ಕೊರತೆ ತುಂಬುವುದಿಲ್ಲ.

ಆದರೆ ಗಿಡ ಕಡಿಯಬೇಡಿ. ಬೇರು ಗಟ್ಟಿಯಾಗಿದೆ ಅಲ್ವಾ? ಅದರ ಮೇಲೆ ಒಳ್ಳೆಯ ತಳಿಯ ಕಸಿ ಕಟ್ಟಿಸಿ.


ದ್ರಾಕ್ಷಿಕಣಿವೆ (ಫ್ರೆಸ್ನೋ, ಕ್ಯಾಲಿಫೋರ್ನಿಯಾ)

ಸಸ್ಯಪಾಠ ಸರ್ ಹೇಳಿದ್ದಕ್ಕೆ ನಮ್ಮ ಊರೇ ಸಾಕ್ಷಿ. 19ನೇ ಶತಮಾನದ ಕೊನೆಯಲ್ಲಿ ಇಲ್ಲಿನ ಬೆಳೆಗಾರರು ಟರ್ಕಿಯಿಂದ ಸ್ಮಿರ್ನಾ ಗಿಡ ತಂದು ನೆಟ್ಟರು. ಗಿಡ ಸೊಂಪಾಗಿ ಬೆಳೆಯಿತು, ಕಾಯಿ ಮಾತ್ರ ಪೂರ್ತಿ ಉದುರುತ್ತಿತ್ತು. ಮೋಸದ ಕಡ್ಡಿ ಕೊಟ್ಟಿದ್ದಾರೆ ಅಂತಲೇ ಎಷ್ಟೋ ಜನ ನಂಬಿದ್ದರು. ಫ್ರೆಸ್ನೋದ ಜಾರ್ಜ್ ರೋಡಿಂಗ್ ಅನ್ನುವವರು ಕೈಯಿಂದಲೇ ಕಣ್ಣಿನೊಳಗೆ ಪರಾಗ ಹಾಕಿ ಹಣ್ಣು ಮಾಡಿ ತೋರಿಸಿದರು. 1899ರಲ್ಲಿ ಕಣಜ ಇಲ್ಲಿ ನೆಲೆಯೂರಿತು. ಆಮೇಲೆ ಆ ತಳಿಗೆ 'ಕ್ಯಾಲಿಮಿರ್ನಾ' ಅಂತ ಹೊಸ ಹೆಸರು ಬಂತು. ಈಗಲೂ ಬೆಳೆಗಾರರು ಗಂಡು ಅಂಜೂರದ ಕಾಯಿಗಳನ್ನು ಚೀಲದಲ್ಲಿ ತುಂಬಿ ತೋಟದ ಮರಗಳಿಗೆ ಕಟ್ಟುತ್ತಾರೆ.

ಇಲ್ಲಿರುವ ಕನ್ನಡದವರಿಗೆ ಇನ್ನೊಂದು ಎಚ್ಚರಿಕೆ. 2021ರಿಂದ ಕ್ಯಾಲಿಫೋರ್ನಿಯಾದಲ್ಲಿ ಕಪ್ಪು ಅಂಜೂರ ನೊಣ ಕಾಣಿಸಿಕೊಂಡಿದೆ. ಹಸಿರು ಕಾಯಿಯೊಳಗೆ ಅದರ ಮರಿಹುಳ ತಿನ್ನುತ್ತದೆ. ಗಟ್ಟಿ ಕಾಯಿ ಅಕಾಲದಲ್ಲಿ ನೇರಳೆಯಾಗಿ ಉದುರುತ್ತದೆ. ಹಿತ್ತಲಿನಲ್ಲಿ ಅಂಥದ್ದು ಕಂಡರೆ ಕೊಯ್ದು ನೋಡಿ. ಹುಳ ಇದ್ದರೆ ಬಿದ್ದ ಕಾಯಿಯನ್ನು ಕಾಂಪೋಸ್ಟಿಗೆ ಹಾಕಬೇಡಿ, ಚೀಲದಲ್ಲಿ ಕಟ್ಟಿ ಕೌಂಟಿಯ ಕೃಷಿ ಕಚೇರಿಗೆ ತಿಳಿಸಿ.


ಕಡಲತಡಿ (ಮಂಗಳೂರು)

ನಮ್ಮದು ಇದೆಲ್ಲಕ್ಕಿಂತ ಬೇರೆ ಕಥೆ. ಅಂಜೂರದ ಕಸಿ ಗಿಡ ಅಂತ ತಂದದ್ದು. ಮೇಲಿನ ಭಾಗ ಮಳೆಗಾಲದಲ್ಲಿ ಸೊರಗಿತು. ಈಗ ಬುಡದ ಹತ್ತಿರ, ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲು ಕಾಯಿ ಬಂದಿದೆ. ಹಣ್ಣಾದದ್ದು ಕೆಂಪು. ಆಸೆಯಿಂದ ಒಂದು ಒಡೆದೆವು. ಒಳಗಿನಿಂದ ಕಪ್ಪು ಚುಕ್ಕಿಯಂಥ ನೊಣಗಳು ಬುಳುಬುಳು ಅಂತ ಹೊರಗೆ ಬಂದು ಕೈಮೇಲೆಲ್ಲ ಹರಿದಾಡಿದವು. ಮಗಳು ಇನ್ನು ಅಂಜೂರವೇ ಬೇಡ ಅಂತಿದ್ದಾಳೆ.


ಎರೆಭೂಮಿ (ಬಳ್ಳಾರಿ)

ಅಣ್ಣಾ, ಅದು ಅಂಜೂರ ಅಲ್ಲ. ಅತ್ತಿ! ಬುಡದ ಚಿಗುರಿನ ಎಲೆ ನೋಡಿ. ಅಂಜೂರದ ಎಲೆ ಅಗಲ, ಒರಟು, ಅಂಗೈ ಬೆರಳಿನಂತೆ ಸೀಳಿರುತ್ತದೆ. ಅತ್ತಿ ಎಲೆ ಸೀಳಿಲ್ಲದ್ದು, ಉದ್ದ, ನುಣುಪು.

ಅಂಜೂರದ ಬೇರಿಗೆ ಗಂಟು ಕಟ್ಟುವ ಜಂತುಹುಳುವಿನ ಕಾಟ ಜಾಸ್ತಿ. ಮರಳು ಮಣ್ಣಾದರಂತೂ ಹೇಳುವುದೇ ಬೇಡ. ಅತ್ತಿಯ ಬೇರು ಅದನ್ನು ತಡೆದುಕೊಳ್ಳುತ್ತದೆ ಅಂತ ಅತ್ತಿ ಸಸಿ ಮೇಲೆ ಅಂಜೂರದ ಕಸಿ ಕಟ್ಟುವುದುಂಟು. ಮೇಲಿನದು ಸತ್ತರೆ ಕೆಳಗಿನದು ತನ್ನ ಪಾಡಿಗೆ ಮರವಾಗುತ್ತದೆ. ಕಸಿ ಗಂಟಿನ ಕೆಳಗೆ ಬಂದ ಚಿಗುರನ್ನು ಕಂಡ ಕೂಡಲೇ ಮುರಿಯಬೇಕು ಅನ್ನುವುದು ಇದಕ್ಕೇ.


ಸಸ್ಯಪಾಠ (ಧಾರವಾಡ)

ಹೌದು, ಅತ್ತಿಯೇ. ಕಾಂಡದಿಂದ ನೇರ ಕಾಯಿ ಬಿಡುವುದು ಅದರ ಗುಣ. ಆ "ನೊಣ"ಗಳು ಅತ್ತಿಯದ್ದೇ ಕಣಜ, ಹೆಸರು ಸೆರಟೊಸೋಲೆನ್ ಫ್ಯೂಸಿಸೆಪ್ಸ್. ಅಂಜೂರಕ್ಕೆ ಒಂದು, ಅತ್ತಿಗೆ ಇನ್ನೊಂದು, ಆಲಕ್ಕೆ ಮತ್ತೊಂದು, ಹೀಗೆ ಈ ಕುಟುಂಬದ ಮರಗಳಿಗೆ ಅವವುಗಳದ್ದೇ ಕಣಜ ಇರುತ್ತದೆ. ಅತ್ತಿಯ ಕಣಜ ಬಂದು ಅಂಜೂರಕ್ಕೆ ಪರಾಗ ಹಚ್ಚುವುದಿಲ್ಲ.  ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಅವರ ತಂಡ ಅತ್ತಿಮರ ಮತ್ತು ಅದರ ಕಣಜಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಒಂದು ಅತ್ತಿಕಾಯಿಯೊಳಗೆ ಪರಾಗ ಒಯ್ಯುವ ಕಣಜ ಮಾತ್ರವಲ್ಲ, ಅದರ ಜಾಗ ಕದಿಯುವ ಬೇರೆ ಕಣಜಗಳೂ ಬದುಕುತ್ತವೆ.

ಮಗಳಿಗೆ ಹೇಳಿ, ಅಂಗಡಿಯಲ್ಲಿ ಸಿಗುವ ನಮ್ಮ ಬಳ್ಳಾರಿ ಅಂಜೂರದಲ್ಲಿ ಆ ಕಣಜ ಇರುವುದಿಲ್ಲ.

ಜಾಗ ಇದ್ದರೆ ಆ ಅತ್ತಿಯನ್ನು ಉಳಿಸಿಕೊಳ್ಳಿ. ಮನೆ ಗೋಡೆ, ನೀರಿನ ಪೈಪಿನ ಹತ್ತಿರ ಇದ್ದರೆ ಮಾತ್ರ ಈಗಲೇ ಬೇರೆ ಕಡೆ ಸಾಗಿಸಿ, ಬೇರು ಬಲಿತರೆ ಕಷ್ಟ.


ಹಿತ್ತಿಲಮನೆ (ಮೈಸೂರು)

ಕಾಯಿ ನಿಂತುಬಿಟ್ಟರೆ ಕಣ್ಣಿಗೆ ಎಣ್ಣೆ ಹಚ್ಚಿ, ವಾರದಲ್ಲಿ ಹಣ್ಣಾಗುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜವಾ?


ದ್ರಾಕ್ಷಿಕಣಿವೆ (ಫ್ರೆಸ್ನೋ, ಕ್ಯಾಲಿಫೋರ್ನಿಯಾ)

ನಿಜ. ಮೆಡಿಟರೇನಿಯನ್ ಸೀಮೆಯ ಹಳೇ ಪದ್ಧತಿ ಅದು. ಕಾಯಿ ಎರಡನೇ ಹಂತದ ಕೊನೆಯಲ್ಲಿರುವಾಗ ಕಣ್ಣಿಗೆ ಒಂದು ತೊಟ್ಟು ಆಲಿವ್ ಎಣ್ಣೆ ಸವರುತ್ತಾರೆ. ಕಾಯಿಯಲ್ಲಿ ಎಥಿಲೀನ್ (ಹಣ್ಣು ಮಾಗಿಸುವ ಅನಿಲ) ಹುಟ್ಟಿ ಬೇಗ ಹಣ್ಣಾಗುತ್ತದೆ. ಚಳಿ ಬರುವ ಮುಂಚೆ ಕೊನೆಯ ಕಾಯಿಗಳನ್ನು ಉಳಿಸಿಕೊಳ್ಳಲು ಚಳಿ ದೇಶಗಳಲ್ಲಿ ಉಪಯೋಗ ಇದೆ.


ಎರೆಭೂಮಿ (ಬಳ್ಳಾರಿ)

ನನಗೆ ಇದು ಒಪ್ಪಿಗೆ ಇಲ್ಲ. ನಮಗೆ ಹಿಮ ಬೀಳುವ ಭಯ ಇದೆಯಾ? ಕಾಯಿ ತನ್ನ ಟೈಮಿಗೆ ಹಣ್ಣಾಗಲಿ. ಮನೆಯಲ್ಲಿ ನಾಲ್ಕು ಹಣ್ಣು ಬೆಳೆಯುವುದೇ ರುಚಿಗೆ. ಸಮಯಕ್ಕೆ ಮುಂಚೆ ಎಣ್ಣೆ ಹಚ್ಚಿದರೆ ಊದಿಕೊಳ್ಳುತ್ತದೆ, ಸಿಹಿ ಇರಲ್ಲ.


ಸಸ್ಯಪಾಠ (ಧಾರವಾಡ)

ಇಬ್ಬರ ಮಾತಿನಲ್ಲೂ ಸತ್ಯ ಇದೆ. ಆದರೆ ಮನೆಯ ಗಿಡಕ್ಕೆ ನನ್ನ ಓಟು ಬಳ್ಳಾರಿಯವರಿಗೆ. ಎಣ್ಣೆಗಿಂತ ಬಿಸಿಲು ಮತ್ತು ಹದವಾದ ನೀರು ಮುಖ್ಯ. ದಿನಕ್ಕೆ ಆರೇಳು ಗಂಟೆ ನೇರ ಬಿಸಿಲಿಲ್ಲದ ಜಾಗದಲ್ಲಿ ಯಾವ ಎಣ್ಣೆಯೂ ಕೆಲಸ ಮಾಡುವುದಿಲ್ಲ.


ಹಿತ್ತಿಲಮನೆ (ಮೈಸೂರು)

ಸರಿ, ಎಣ್ಣೆ ಬಿಟ್ಟೆ. ನಮ್ಮ ಹಣ್ಣು ಇನ್ನೇನು ಕೀಳಬೇಕು ಅನ್ನುವಾಗ ಬಾಯಿ ಬಿಟ್ಟು ನಾಲ್ಕು ಸೀಳಾಗುತ್ತದೆ, ಹುಳಿ ವಾಸನೆ ಬರುತ್ತದೆ. ಅದಕ್ಕೇನು ಮಾಡಲಿ?


ಎರೆಭೂಮಿ (ಬಳ್ಳಾರಿ)

ನೀರಿನ ಏರುಪೇರು ಅಕ್ಕಾ. ನಾಲ್ಕು ದಿನ ಒಣಗಿಸಿ ಒಮ್ಮೆಲೇ ಕೊಡ ಸುರಿದರೆ, ಅಥವಾ ಹಣ್ಣಾಗುವಾಗ ಜೋರು ಮಳೆ ಬಂದರೆ, ಒಳಗಿನ ತಿರುಳು ಊದುವಷ್ಟು ಬೇಗ ಸಿಪ್ಪೆ ಹಿಗ್ಗುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಕೊಡಿ. ಡ್ರಿಪ್ ಇದ್ದರೆ ಇನ್ನೂ ಒಳ್ಳೆಯದು. ಬಣ್ಣ ತಿರುಗಿದ ಮೇಲೆ ನೀರು ತುಸು ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ.

ಹುಳಿ ವಾಸನೆ ಬಂದರೆ ಕಣ್ಣಿನ ಮೂಲಕ ಸಣ್ಣ ನೊಣ, ಜೀರುಂಡೆ ಒಳಗೆ ಹೋಗಿ ಹಣ್ಣು ಹುದುಗು ಹಿಡಿದಿದೆ ಅಂತ. ಅಂಥದ್ದನ್ನು ಗಿಡದಲ್ಲಿ ಬಿಡಬೇಡಿ, ಉಳಿದವಕ್ಕೂ ಹರಡುತ್ತದೆ. ಹಣ್ಣಾಗುವ ಮೊದಲೇ ಕಾಯಿಗೊಂದು ತೆಳು ಬಟ್ಟೆಯ ಚೀಲ ಕಟ್ಟಿ. ಅಳಿಲು, ಪಿಕಳಾರ, ಬಾವಲಿ ಕಾಟಕ್ಕೂ ಅದೇ ಮದ್ದು.


ತಾರಸಿತೋಟ (ಬೆಂಗಳೂರು)

ಪಕ್ಕದ ಮನೆಯವರು ವೈರಸ್ ಅಂದದ್ದು ಇನ್ನೂ ತಲೆಯಲ್ಲಿ ಕೂತಿದೆ. ನಿಜವಾದ ವೈರಸ್ ಬಂದರೆ ಹೇಗಿರುತ್ತದೆ?


ಸಸ್ಯಪಾಠ (ಧಾರವಾಡ)

ಕೇಳಿದ್ದು ಒಳ್ಳೆಯದಾಯಿತು. ಅಂಜೂರದ ಮೊಸಾಯಿಕ್ ರೋಗ ಮೊದಲು ಕಾಣುವುದು ಎಲೆಯಲ್ಲಿ. ಎಲೆಯ ಮೇಲೆ ಅಂಚು ಸರಿಯಾಗಿಲ್ಲದ ತಿಳಿಹಳದಿ ಮಚ್ಚೆಗಳು, ಒಂದು ಬದಿ ಕುಗ್ಗಿ ಸೊಟ್ಟಗಾದ ಎಲೆ. ಕಾಯಿ ಮೇಲೂ ಅಂಥದೇ ಮಚ್ಚೆ ಬರಬಹುದು, ಸಣ್ಣದಿರುವಾಗಲೇ ಉದುರಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಹರಡುತ್ತದೆ. ರೋಗದ ಗಿಡದ ಕಡ್ಡಿ ನೆಟ್ಟರೆ ಹೊಸ ಗಿಡಕ್ಕೂ ಬರುತ್ತದೆ. ಔಷಧಿ ಹೊಡೆದು ವಾಸಿ ಮಾಡುವಂಥದ್ದಲ್ಲ. ಆದರೂ ಎಷ್ಟೋ ಗಿಡಗಳು ಅದನ್ನು ಇಟ್ಟುಕೊಂಡೇ ಹಣ್ಣು ಕೊಡುತ್ತವೆ. ಅಂಥ ಗಿಡದಿಂದ ಕಡ್ಡಿ ಹಂಚಬಾರದು, ಅಷ್ಟೇ.

ನಿಮ್ಮ ಗಿಡದ ಹೊಸ ಎಲೆ ಒಂದೇ ಸಮ ಹಸಿರಾಗಿದ್ದರೆ ಈ ಚಿಂತೆ ಬಿಡಿ.


ಎರೆಭೂಮಿ (ಬಳ್ಳಾರಿ)

ಡಿಸೆಂಬರಿನಲ್ಲಿ ಎಲೆಯೆಲ್ಲ ಉದುರಿತು ಅಂದಿರಲ್ಲ, ಉದುರುವ ಮೊದಲು ಎಲೆಯ ಹಿಂಭಾಗದಲ್ಲಿ ಕಂದು ಪುಡಿ ಇತ್ತಾ? ಬೆರಳಿಗೆ ಹತ್ತುತ್ತಿತ್ತಾ?


ತಾರಸಿತೋಟ (ಬೆಂಗಳೂರು)

ಹೌದು ಹೌದು! ಕಂದು ಪುಡಿ ಇತ್ತು. ಧೂಳು ಅಂದುಕೊಂಡಿದ್ದೆವು.


ಎರೆಭೂಮಿ (ಬಳ್ಳಾರಿ)

ಅದು ತುಕ್ಕು ರೋಗ. ಅಂಜೂರಕ್ಕೆ ನಮ್ಮ ನಾಡಿನಲ್ಲಿ ನಿಜವಾದ ವೈರಿ ಅದೇ. ಮಳೆಗಾಲದ ತೇವದಲ್ಲಿ ಶುರುವಾಗುತ್ತದೆ. ಎಲೆ ಅಕಾಲದಲ್ಲಿ ಉದುರಿದರೆ ಕಾಯಿಗೆ ಊಟ ಸಿಗಲ್ಲ, ಇದ್ದ ಕಾಯಿ ಸಣ್ಣದಾಗೇ ಉಳಿಯುತ್ತದೆ ಇಲ್ಲವೇ ಬೀಳುತ್ತದೆ. ಗಿಡ ಗಾಬರಿಯಾಗಿ ಬೇಡದ ಟೈಮಿನಲ್ಲಿ ಚಿಗುರುತ್ತದೆ. ನೀವು ಬ್ರೀಬಾ ಕಾಯಿ ನೋಡಿ ಹೆದರಿದಿರಿ, ಹೆದರಬೇಕಾದ್ದು ಈ ಪುಡಿಗೆ.

ಉದುರಿದ ಎಲೆ ಒಂದೂ ಡ್ರಮ್ಮಿನಲ್ಲಿ ಉಳಿಯಬಾರದು. ಆರಿಸಿ ಸುಟ್ಟುಬಿಡಿ. ನೀರು ಬುಡಕ್ಕೆ ಮಾತ್ರ, ಎಲೆ ಮೇಲೆ ಬೇಡ. ಮಳೆ ಶುರುವಾಗುವ ಹೊತ್ತಿಗೆ ಶೇ. 1ರ ಬೋರ್ಡೋ ದ್ರಾವಣ ಒಮ್ಮೆ ಹೊಡೆಯಿರಿ. ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಆಮೇಲೆ ಸೇರಿಸಿ, ಆ ದಿನವೇ ಬಳಸಿ. ಹಣ್ಣು ಬಲಿತಿರುವಾಗ ಹೊಡೆಯಬೇಡಿ.


ಕಾವೇರಿದಡ (ಶ್ರೀರಂಗಪಟ್ಟಣ)

ಹಳಬರ ಬಾಯಲ್ಲಿ ಗಂಜಾಂ ಅಂಜೂರದ ಹೆಸರು ಕೇಳಿರುತ್ತೀರಿ. ನಮ್ಮ ಈ ಗಂಜಾಂ ಒಂದು ಕಾಲಕ್ಕೆ ಅಂಜೂರಕ್ಕೆ ಹೆಸರಾಗಿತ್ತು. ಇವತ್ತು ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಯಾರ ಹಿತ್ತಲಿನಲ್ಲಾದರೂ ಆ ಹಳೇ ಗಿಡ ಇದ್ದರೆ, ಕಾಯಿ ವಿಚಿತ್ರವಾಗಿದೆ ಅಂತ ಕಡಿಯುವ ಮೊದಲು ದಯವಿಟ್ಟು ಇಲ್ಲಿ ಒಂದು ಫೋಟೋ ಹಾಕಿ. ಒಂದು ಕಡ್ಡಿ ಉಳಿಸಿದರೆ ತಳಿ ಉಳಿದ ಹಾಗೆ.

ಗಿಡ ಸವರುವವರಿಗೆ ಇನ್ನೊಂದು ಮಾತು. ಅಂಜೂರದ ಹಾಲು ಮೈಗೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಮಕ್ಕಳ ಕೈಯಲ್ಲಿ ಕಾಯಿ ಕೀಳಿಸಬೇಡಿ.


ತಾರಸಿತೋಟ (ಬೆಂಗಳೂರು)

ತುಕ್ಕಿನ ಎಲೆಗಳನ್ನು ಇವತ್ತೇ ಡ್ರಮ್ಮಿನಿಂದ ಆರಿಸಿ ತೆಗೆಯುತ್ತೇನೆ. ಒಂದೇ ಒಂದು ಕೊನೆಯ ಪ್ರಶ್ನೆ: ಈ ಬ್ರೀಬಾ ಕಾಯಿಗಳನ್ನು ಬಿಟ್ಟರೆ ಹೊಸ ಚಿಗುರಿನ ಬೆಳೆಗೆ ಏಟು ಬೀಳುತ್ತದಾ? ಸವರುವುದು ಯಾವಾಗ?


ಎರೆಭೂಮಿ (ಬಳ್ಳಾರಿ)

ನಾಲ್ಕೈದು ಕಾಯಿಗೆ ಏನೂ ಆಗಲ್ಲ, ಬಿಡಿ. ಗಿಡ ಸಣ್ಣದಿದ್ದು ಇಪ್ಪತ್ತು ಮೂವತ್ತು ಕೂತರೆ ಅರ್ಧ ತೆಗೆಯಿರಿ. ಈಗ ಸವರಬೇಡಿ, ಚಿಗುರೂ ಹೋಗುತ್ತದೆ, ಬ್ರೀಬಾನೂ ಹೋಗುತ್ತದೆ. ಈ ಬೆಳೆ ಮುಗಿದು ಗಿಡ ಎಲೆ ಉದುರಿಸಿ ನಿಂತಾಗ ಸವರಿ. ಆಗಲೂ ಎಲ್ಲ ಕೊಂಬೆಗೂ ಕತ್ತರಿ ಬೇಡ. ಒಂದೆರಡು ಕೊಂಬೆಯನ್ನು ಹಾಗೇ ಬಿಡಿ, ಹಳೇ ಕೊಂಬೆಯ ಕಾಯಿ ಅವುಗಳಲ್ಲೇ ಬರಬೇಕು. ಉಳಿದವನ್ನು ಮೂರು ನಾಲ್ಕು ಗಿಣ್ಣು ಇಟ್ಟು ಕತ್ತರಿಸಿ. ಕತ್ತರಿಸಿದ ಜಾಗಕ್ಕೆ ಬೋರ್ಡೋ ಪೇಸ್ಟ್ ಹಚ್ಚಿ. ಬೆರಳು ಗಾತ್ರದ ಕಡ್ಡಿ ಉಳಿದರೆ ಬಿಸಾಡಬೇಡಿ, ನೆರಳಲ್ಲಿ ಮರಳು ಮತ್ತು ಎರೆಗೊಬ್ಬರ ಬೆರೆಸಿದ ಚೀಲದಲ್ಲಿ ಚುಚ್ಚಿ. ಹುಬ್ಬಳ್ಳಿಯವರಿಗೆ ಕಸಿ ಕಟ್ಟಲು ಕಡ್ಡಿ ಬೇಕಲ್ಲ, ಅವರಿಗೆ ಒಂದು ಕಳಿಸಿಕೊಡಿ.


ಒಣಹಣ್ಣು (ಹುಬ್ಬಳ್ಳಿ)

ಖಂಡಿತ ಬೇಕು. ಒದ್ದೆ ಪೇಪರಿನಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿದರೆ ಸಾಕು. ಎಲೆ ಉದುರಿದ ಮೇಲಿನ ಕಡ್ಡಿಯೇ ಆಗಲಿ, ಅವಸರ ಇಲ್ಲ.